‘ಅವರು ಕುಡೀತಾರೆ ಬಿಡಿ’ ಅನ್ನೋ ಮಾತಿನಡಿ ಮುಚ್ಚಿಹೋಗುವ ಕಾಯಿಲೆಗಳು

ಎಚ್.ಡಿ. ಕೋಟೆ ಕಡೆಯ ಒಂದು ಆಸ್ಪತ್ರೆ. ಮಳೆಗಾಲದ ಬೆಳಿಗ್ಗೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಗೋಡೆಗೆ ಒರಗಿ, ಎರಡೂ ಮೊಣಕಾಲು ಹಿಡಿದುಕೊಂಡು ನರಳುತ್ತಾ ಕೂತಿದ್ದ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಆದಿವಾಸಿಗಳಾದ ಜೇನುಕುರುಬರ ಹಾಡಿಯಿಂದ, ಅಂದರೆ ಅವರ ಪುಟ್ಟ ಊರಿನಿಂದ ಬಂದವನು. ನೋಡಿದವರು ಒಂದೇ ನೋಟಕ್ಕೆ ತೀರ್ಮಾನ ಮಾಡಿಬಿಟ್ಟರು: ಕುಡಿದು ಲಿವರ್ ಹಾಳಾಗಿದೆ. ಪಕ್ಕದಲ್ಲಿದ್ದ ತಾಯಿ ಮತ್ತೆ ಮತ್ತೆ ಹೇಳುತ್ತಿದ್ದರು, ‘ಅವರಪ್ಪ ಕುಡೀತಿದ್ದ ಸಾರ್, ಇವ ಮುಟ್ಟಕಿಲ್ಲ.’ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅದು ಸಿಕಲ್ ಸೆಲ್ ಕಾಯಿಲೆ. ಹುಟ್ಟಿನಿಂದಲೇ ಇದ್ದದ್ದು. ಆ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಬೇಗ ಒಡೆದುಹೋಗುತ್ತವೆ, ಅದಕ್ಕೇ ಕಣ್ಣು ಹಳದಿಯಾಗುತ್ತದೆ. ಕುಡಿತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆದಿವಾಸಿಗಳ ಕುಡಿತದ ಬಗ್ಗೆ ಬರೆಯಬೇಕು ಅಂದಾಗಲೆಲ್ಲ ನನಗೆ ನೆನಪಾಗುವುದು ಆ ಹುಡುಗ. ಮದ್ಯದಿಂದ ಹಾಡಿಗಳಲ್ಲಿ ಆಗುತ್ತಿರುವ ಹಾನಿ ನಿಜ. ಪೇಟೆಯಲ್ಲಿ ಆಗುವುದಕ್ಕಿಂತ ಜಾಸ್ತಿಯೇ ಆಗುತ್ತಿದೆ. ಆದರೆ ‘ಅವರು ಕುಡೀತಾರೆ ಬಿಡಿ’ ಅನ್ನುವ ಮಾತು ಅದಕ್ಕಿಂತ ಕಡಿಮೆ ಹಾನಿ ಮಾಡಿಲ್ಲ. ಕುಡಿಯುವವರಿಗೂ ಮಾಡಿದೆ, ಕುಡಿಯದವರಿಗೂ ಮಾಡಿದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಯಾವ ಕುಡಿತದ ಮಾತು ಇದು?

‘ಕುಡಿಯೋದು ಅವರ ಸಂಸ್ಕೃತಿ’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಅರ್ಧ ಮಾತ್ರ ನಿಜ. ದೇಶದ ಬಹಳಷ್ಟು ಆದಿವಾಸಿ ಸಮುದಾಯಗಳಲ್ಲಿ ಹುಳಿಸಿದ ಪಾನೀಯ ಇತ್ತು, ಈಗಲೂ ಇದೆ. ಜಾರ್ಖಂಡ್ ಕಡೆ ಅನ್ನ ಹುಳಿಸಿ ಮಾಡುವ ಹಂಡಿಯಾ, ಬಸ್ತರಿನಲ್ಲಿ ಮರದಿಂದ ಇಳಿಸುವ ಸಲ್ಫಿ, ಮಧ್ಯ ಭಾರತದಲ್ಲೆಲ್ಲ ಇಪ್ಪೆ ಹೂ ಹುಳಿಸಿ ಭಟ್ಟಿ ಇಳಿಸಿದ್ದು. ನಮ್ಮ ಕಡೆ ಈಚಲು ಹೆಂಡ. ಹಬ್ಬಕ್ಕೆ, ಸಾವಿಗೆ, ದೇವರ ಕಾರ್ಯಕ್ಕೆ, ಎಲ್ಲರೂ ಕೂತು ಕುಡಿಯುವಂಥದ್ದು. ದಕ್ಷಿಣ ಕೊಡಗಿನ ಕುಂಡೆ ಹಬ್ಬದ ದಿನ ದೇವರಪುರಕ್ಕೆ ಹೋಗಿ ನೋಡಿ, ವೇಷ, ಬೈಗುಳ, ಕುಣಿತದ ಜತೆಗೆ ಕುಡಿತವೂ ಇರುತ್ತದೆ. ಆದರೆ ಆ ಹಬ್ಬ ವರ್ಷಕ್ಕೊಮ್ಮೆ ಬರುವುದು.

ಈಗ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ದಿನಾ ಸಂಜೆ ಬಿಚ್ಚಿಕೊಳ್ಳುವುದು ಬೇರೆಯೇ ವಸ್ತು. ಅಂಗೈಯಲ್ಲಿ ಹಿಡಿಸುವ 90 ಎಂ.ಎಲ್. ಟೆಟ್ರಾ ಪ್ಯಾಕೆಟ್. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ನೀರು ಬೆರೆಸದೆ, ನಿಂತಲ್ಲೇ ಗಂಟಲಿಗೆ ಸುರಿದುಕೊಂಡರೆ ಮುಗಿಯಿತು. ಖಾಲಿ ಪ್ಯಾಕೆಟ್ಟುಗಳು ಕಾಫಿ ಗಿಡದ ಬುಡದಲ್ಲಿ, ಶಾಲೆ ದಾರಿಯಲ್ಲಿ, ಮೋರಿಯಲ್ಲಿ ಬಿದ್ದಿರುತ್ತವೆ.

ಸ್ವಲ್ಪ ಲೆಕ್ಕ ಹಾಕೋಣ. ವಿಸ್ಕಿ, ಬ್ರಾಂಡಿ, ರಮ್ ಯಾವುದೇ ಇರಲಿ, ಅದರ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತದೆ. ಅಂದರೆ 90 ಎಂ.ಎಲ್. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಹುಳಿಸಿದ ಹೆಂಡದಲ್ಲಿ ಹೆಚ್ಚು ಕಡಿಮೆ 4ರಿಂದ 5% ಅಂತ ಹಿಡಿದರೆ, ದೊಡ್ಡ ಲೋಟ ಹೆಂಡಕ್ಕೆ ಸುಮಾರು 10 ಗ್ರಾಂ. ಮೂರು ದೊಡ್ಡ ಲೋಟ ಹೆಂಡದಲ್ಲಿ ಇರುವಷ್ಟು ಒಂದು ಪ್ಯಾಕೆಟ್ಟಿನಲ್ಲೇ ಇದೆ. ಹೆಂಡವಾದರೆ ಹೊಟ್ಟೆ ತುಂಬಿಸುತ್ತದೆ, ಕುಡಿಯಲು ಹೊತ್ತು ಹಿಡಿಯುತ್ತದೆ. ಪ್ಯಾಕೆಟ್ ಹತ್ತು ಸೆಕೆಂಡಿನ ಕೆಲಸ.

ಇದು ಹಾಡಿಗೆ ತಾನಾಗಿ ನಡೆದು ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅಬ್ಕಾರಿ ಕಾಯ್ದೆಗಳು ಬಂದವು. ಮನೆಯಲ್ಲಿ ಮಾಡಿಕೊಳ್ಳುವುದು ಅಪರಾಧವಾಯಿತು, ಗುತ್ತಿಗೆದಾರನ ಅಂಗಡಿಯಲ್ಲಿ ಕೊಳ್ಳುವುದು ಸರಿಯಾಯಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಟ್ಟು ಹಾಗೇ ಉಳಿಯಿತು. ನಮ್ಮಲ್ಲಿ ನಾಗರಹೊಳೆ, ಬಂಡೀಪುರ, ಕಬಿನಿ ಜಲಾಶಯ ಅಂತ ಒಂದರ ಹಿಂದೆ ಒಂದರಂತೆ ಬಂದು ಕಾಡಿನ ಜನ ಕಾಡಿನಿಂದ ಹೊರಗೆ ಬಿದ್ದರು. ಗೆಡ್ಡೆ ಗೆಣಸು, ಜೇನು, ಸೊಪ್ಪು, ಸಣ್ಣ ಬೇಸಾಯ ಹೋಯಿತು. ಅದರ ಜಾಗಕ್ಕೆ ಎಸ್ಟೇಟಿನ ಕೂಲಿ ಬಂತು, ಮುಂಗಡ ಸಾಲ ಬಂತು, ವಾರದ ಬಟವಾಡೆ ಬಂತು. ಬಟವಾಡೆಯ ಸಂಜೆಯೇ ಪ್ಯಾಕೆಟ್ ಕೈಗೆ ಸಿಗುವ ವ್ಯವಸ್ಥೆಯೂ ಬಂತು. ಮಳೆ, ಜಿಗಣೆ, ದಿನವಿಡೀ ಬೆನ್ನು ಬಗ್ಗಿಸಿದ ನೋವು. ‘ಮೈಕೈ ನೋವಿಗೆ ಅಣ್ಣ’ ಅನ್ನುವ ಉತ್ತರ ಎಷ್ಟು ಸಲ ಕೇಳಿದ್ದೇನೋ. ಸುಮ್ನೆ ಹೇಳುವ ನೆಪ ಅಲ್ಲ ಅದು. ಅವರ ಹತ್ತಿರ ಇರುವ ನೋವಿನ ಔಷಧಿ ಅದೊಂದೇ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ಖುಷಿಪಟ್ಟರು, ಅದು ಅವರ ಹೋರಾಟದ ಫಲವೂ ಹೌದು. ಆದರೆ ಸಾರಾಯಿ ಪ್ಯಾಕೆಟ್ ಬಿಟ್ಟುಹೋದ ಜಾಗಕ್ಕೆ ಅಗ್ಗದ ಬ್ರಾಂಡಿ, ವಿಸ್ಕಿ ಬಂದು ಕೂತವು. ಸಾರಾಯಿಗಿಂತ ಸ್ಟ್ರಾಂಗ್, ಸಾರಾಯಿಗಿಂತ ದುಬಾರಿ. ಕೆಲವೆಡೆ ಕಳ್ಳಬಟ್ಟಿಯೂ ಬಂತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ವಿಷ ಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್. ಮೈಯೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು, ಆಮೇಲೆ ಜೀವ ತೆಗೆಯುತ್ತದೆ. ಕುಡಿದ ಮರುದಿನ ಕಣ್ಣು ಮಂಜಾದರೆ, ‘ಎಲ್ಲ ಬೆಳ್ಳಗೆ ಕಾಣ್ತದೆ’ ಅಂದರೆ ಒಂದು ನಿಮಿಷವೂ ಕಾಯಬಾರದು, ದೊಡ್ಡ ಆಸ್ಪತ್ರೆಗೇ ಓಡಬೇಕು.

ಅದೇ ಪ್ಯಾಕೆಟ್, ಬೇರೆ ಮೈ

ಬೆಂಗಳೂರಿನಲ್ಲಿ 75 ಕೆಜಿ ತೂಗುವವನೊಬ್ಬ ಊಟದ ಜತೆ ಎರಡು ಪೆಗ್ ಹಾಕುವುದಕ್ಕೂ, 45 ಕೆಜಿ ತೂಗುವ ಕೂಲಿ ಕೆಲಸದವನು ಖಾಲಿ ಹೊಟ್ಟೆಗೆ ಎರಡು ಪ್ಯಾಕೆಟ್ ಸುರಿದುಕೊಳ್ಳುವುದಕ್ಕೂ ಅಜಗಜಾಂತರ. ಆಲ್ಕೋಹಾಲ್ ಮೈಯ ನೀರಿನಲ್ಲಿ ಕರಗಿ ಹರಡುತ್ತದೆ. ಮೈ ಸಣ್ಣದಾದಷ್ಟು ನೀರು ಕಡಿಮೆ, ರಕ್ತದಲ್ಲಿ ಅಮಲು ಜಾಸ್ತಿ. ಹೆಂಗಸರ ಮೈಯಲ್ಲಿ ನೀರಿನ ಪಾಲು ಇನ್ನೂ ಕಡಿಮೆ. ಹೊಟ್ಟೆಯಲ್ಲಿ ಅನ್ನ ಮುದ್ದೆ ಇದ್ದರೆ ಮದ್ಯ ಅಲ್ಲೇ ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಇಲ್ಲದಿದ್ದರೆ ನೇರ ಸಣ್ಣ ಕರುಳಿಗೆ ಇಳಿದು ನಿಮಿಷಗಳಲ್ಲಿ ರಕ್ತ ಸೇರುತ್ತದೆ.

ಇಳಿಸುವ ಕೆಲಸ ಲಿವರಿನದ್ದು. ಅದು ಗಂಟೆಗೆ ಹೆಚ್ಚೆಂದರೆ 7ರಿಂದ 10 ಗ್ರಾಂ ಕರಗಿಸುತ್ತದೆ. ಮಜ್ಜಿಗೆ, ನಿಂಬೆಹುಳಿ, ತಣ್ಣೀರ ಸ್ನಾನ ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಎಂಟಕ್ಕೆ ಎರಡು ಪ್ಯಾಕೆಟ್ ಕುಡಿದವನ ರಕ್ತ ತಿಳಿಯಾಗುವಾಗ ಬೆಳಗಿನ ಜಾವ ಆಗಿರುತ್ತದೆ. ಆ ಹೊತ್ತಿನಲ್ಲಿ ಅವನು ಮನೆಯಲ್ಲೇ ಇರುತ್ತಾನೆ ಅಂತೇನೂ ಇಲ್ಲ. ಅಂಗಡಿಯಿಂದ ಹಾಡಿಗೆ ಬರುವ ದಾರಿಯೇ ಎಷ್ಟೋ ಕಡೆ ಆನೆ ದಾರಿ. ಮೈಮೇಲೆ ಎಚ್ಚರ ಇದ್ದವನಿಗೆ ಆನೆಯ ವಾಸನೆ, ಬಿದಿರು ಮುರಿಯುವ ಸದ್ದು ಗೊತ್ತಾಗುತ್ತದೆ. ಕಾಡಿನ ಮಕ್ಕಳಿಗಂತೂ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಕುಡಿದವನಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಅಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನಾವು ಉಪವಾಸ ಇದ್ದಾಗ ರಕ್ತದ ಸಕ್ಕರೆ ಇಳಿಯದಂತೆ ಲಿವರ್ ನೋಡಿಕೊಳ್ಳುತ್ತದೆ. ಕೂಡಿಟ್ಟ ಸಕ್ಕರೆ ಬಿಡುತ್ತದೆ, ಅದು ಮುಗಿದರೆ ಹೊಸದಾಗಿ ತಯಾರಿಸುತ್ತದೆ. ಮದ್ಯ ಕರಗಿಸುವ ಕೆಲಸಕ್ಕೆ ಬಿದ್ದರೆ ಈ ತಯಾರಿಕೆ ನಿಲ್ಲುತ್ತದೆ. ಎರಡು ದಿನದಿಂದ ಸರಿಯಾಗಿ ಉಣ್ಣದವನ ಮೈಯಲ್ಲಿ ಕೂಡಿಟ್ಟದ್ದೂ ಇರುವುದಿಲ್ಲ. ಆಗ ಸಕ್ಕರೆ ದಢ್ಡನೆ ಇಳಿದು ಎಚ್ಚರ ತಪ್ಪುತ್ತದೆ. ಬೆಳಿಗ್ಗೆ ಜಗಲಿ ಮೇಲೆ ಬೆವೆತು ಮಲಗಿದವನನ್ನು ನೋಡಿ ‘ಇನ್ನೂ ಇಳಿದಿಲ್ಲ, ಮಲಗಲಿ ಬಿಡು’ ಅಂತ ಮನೆಯವರು ಕೆಲಸಕ್ಕೆ ಹೋಗುತ್ತಾರೆ. ಮಧ್ಯಾಹ್ನ ಬರುವಷ್ಟರಲ್ಲಿ ತಡವಾಗಿರಬಹುದು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವ ಸಣ್ಣ ಯಂತ್ರದಿಂದ ಒಂದೇ ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಕುಡಿದು ಬಿದ್ದವನು ಅಲುಗಾಡಿಸಿದರೂ ಏಳುತ್ತಿಲ್ಲ ಅಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವಾಂತಿಯಾದರೂ ಉಸಿರಿನ ಕೊಳವೆಗೆ ಹೋಗುವ ಅಪಾಯ ಕಡಿಮೆ. ಬಾಯಿಗೆ ಏನೂ ಸುರಿಯಬೇಡಿ, 108ಕ್ಕೆ ಕರೆ ಮಾಡಿ.

ಊಟದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾಗಿ, ಗೆಣಸು, ಹತ್ತಾರು ಬಗೆಯ ಸೊಪ್ಪು ತಿನ್ನುತ್ತಿದ್ದವರು ಈಗ ಹೆಚ್ಚಾಗಿ ಪಡಿತರದ ಬಿಳಿ ಅಕ್ಕಿಯ ಮೇಲೆ ಬದುಕುತ್ತಿದ್ದಾರೆ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬಹಳ ಕಡಿಮೆ. ರಾಗಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಮೈಯಲ್ಲಿ ಇದರ ದಾಸ್ತಾನು ಕೆಲವೇ ವಾರಕ್ಕೆ ಸಾಕಾಗುವಷ್ಟು. ಮೇಲೆ ಮದ್ಯ ಬಿದ್ದರೆ ಕರುಳು ಅದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಆಗ ಮೆದುಳಿಗೆ ಪೆಟ್ಟು. ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅಲುಗುತ್ತದೆ, ಗೊಂದಲ, ಮರೆವು ಶುರುವಾಗುತ್ತದೆ. ಎಲ್ಲವೂ ಥೇಟ್ ಕುಡಿದವನ ಹಾಗೇ ಕಾಣುತ್ತದೆ! ಅದಕ್ಕೇ ತಪ್ಪಿಹೋಗುತ್ತದೆ. ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಇಂಥವರಲ್ಲಿ ತೊಂದರೆ ಹೆಚ್ಚಾಗಬಹುದು. ಜತೆಗೆ ಥಯಾಮಿನ್ ಇಂಜೆಕ್ಷನ್ ಕೊಡಬೇಕು. ಬೆಲೆಬಾಳುವ ಔಷಧಿಯೇನಲ್ಲ, ನೆನಪಿಟ್ಟು ಕೊಡುವವರು ಬೇಕು ಅಷ್ಟೆ.

ಸಿಕಲ್ ಸೆಲ್, ಟಿಬಿ ಮತ್ತು ಮದ್ಯ

ಭಾರತದಲ್ಲಿ ಸಿಕಲ್ ಸೆಲ್ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಆದಿವಾಸಿಗಳಲ್ಲಿ. ನಮ್ಮ ಸೋಲಿಗರು, ಜೇನುಕುರುಬರು, ಯರವರು ಇರುವುದೂ ಅದೇ ಕಾಡಿನ ಸುತ್ತ. ಈ ಕಾಯಿಲೆ ಇದ್ದವರ ಕೆಂಪು ಕಣಗಳು ನೀರು ಕಡಿಮೆಯಾದಾಗ, ಚಳಿಗೆ, ಜ್ವರಕ್ಕೆ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ರಕ್ತ ಹೋಗದ ಜಾಗದಲ್ಲಿ ನೋವು ಶುರು. ಎಲುಬನ್ನೇ ಯಾರೋ ಹಿಂಡಿದಂಥ ನೋವು ಅಂತಾರೆ.

ಮದ್ಯ ಕುಡಿದರೆ ಮೂತ್ರ ಜಾಸ್ತಿ ಹೋಗುತ್ತದೆ, ಮೈಯ ನೀರು ಬತ್ತುತ್ತದೆ. ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದವನು ಕಾಲುನೋವಿಗೆ ಅಂತ ಪ್ಯಾಕೆಟ್ ತಗೊಳ್ಳುತ್ತಾನೆ. ಎರಡು ಗಂಟೆ ಮರೆವು. ಬೆಳಿಗ್ಗೆಗೆ ನೋವು ಇಮ್ಮಡಿ. ಮತ್ತೆ ಪ್ಯಾಕೆಟ್. ಇದನ್ನು ಬರೀ ಚಟ ಅಂತ ಕರೆದು ಕೈತೊಳೆದುಕೊಂಡರೆ ಅವನಿಗೆ ನಾವು ಅನ್ಯಾಯ ಮಾಡಿದ ಹಾಗೆ. ಕುಡಿಯುವವನಿಗೆ ಸಿಕಲ್ ಸೆಲ್ ಇರಬಹುದು, ಸಿಕಲ್ ಸೆಲ್ ಇರುವವನು ಕುಡಿಯದೇ ಇರಬಹುದು. ಹಳದಿ ಕಣ್ಣು ಕಂಡ ಕೂಡಲೇ ಎರಡನ್ನೂ ಪರೀಕ್ಷಿಸಬೇಕು. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಆದಿವಾಸಿ ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಳ್ಳಲಾಗಿತ್ತು. ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ಟಿಬಿಯದ್ದೂ ಇದೇ ಕಥೆ. ಜಾಸ್ತಿ ಕುಡಿಯುವವರಿಗೆ ಟಿಬಿ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. ಮದ್ಯ ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ. ಗಾಳಿಯಾಡದ ಲೈನ್ ಮನೆಯಲ್ಲಿ ಏಳೆಂಟು ಜನ ಒತ್ತೊತ್ತಾಗಿ ಮಲಗುವುದು ಉಳಿದದ್ದನ್ನು ಮಾಡುತ್ತದೆ. ತೂಕ ಇಳಿದರೆ ‘ಕುಡಿದು ಸೊರಗಿದ’, ಕೆಮ್ಮಿದರೆ ‘ಬೀಡಿ ಕೆಮ್ಮು’ ಅಂತ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಟಿಬಿಯ ಮುಖ್ಯ ಮಾತ್ರೆಗಳಲ್ಲಿ ಮೂರು ಲಿವರಿಗೆ ಭಾರವಾಗುವಂಥವು. ಕುಡಿತವೂ ಸೇರಿದರೆ ಕಾಮಾಲೆ ಬರಬಹುದು. ಅದಕ್ಕೆ ‘ಕುಡಿಯೋದು ಬಿಟ್ಟ ಮೇಲೆ ಬಾ, ಮಾತ್ರೆ ಕೊಡ್ತೀನಿ’ ಅನ್ನುವವರಿದ್ದಾರೆ. ಈ ಮಾತು ದೊಡ್ಡ ತಪ್ಪು. ಅವನು ಮತ್ತೆ ಬರುವುದಿಲ್ಲ, ಅವನ ಕೆಮ್ಮು ಹಾಡಿಯಲ್ಲೇ ಉಳಿಯುತ್ತದೆ. ಮಾತ್ರೆಯನ್ನೂ ಕೊಡಬೇಕು, ಲಿವರ್ ಪರೀಕ್ಷೆಯನ್ನೂ ಮಾಡುತ್ತಿರಬೇಕು, ಕುಡಿತ ಬಿಡಲು ಸಹಾಯವನ್ನೂ ಮಾಡಬೇಕು.

ಲಿವರಿನ ವಿಷಯ ಎಲ್ಲರಿಗೂ ಅಷ್ಟೋ ಇಷ್ಟೋ ಗೊತ್ತಿರುವಂಥದ್ದು. ಮೊದಲು ಕೊಬ್ಬು ಸೇರುತ್ತದೆ, ಆಮೇಲೆ ಊದಿಕೊಳ್ಳುತ್ತದೆ, ಕೊನೆಗೆ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಮೊದಲ ಹಂತದಲ್ಲಿ ಬಿಟ್ಟರೆ ಲಿವರ್ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗುವ ಹಂತಕ್ಕೆ ಬಂದರೆ ಕಷ್ಟ. ಬಾಯಿ, ಗಂಟಲು, ಅನ್ನನಾಳ, ಲಿವರ್ ಕ್ಯಾನ್ಸರಿಗೂ ಮದ್ಯ ಕಾರಣ. ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಜತೆಯಾದರೆ ಬಾಯಿ, ಗಂಟಲಿನ ಅಪಾಯ ಹಲವು ಪಟ್ಟು ಏರುತ್ತದೆ.

ಬಸುರಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಯಿ ಕುಡಿದದ್ದು ನೇರ ಮಗುವಿನ ರಕ್ತಕ್ಕೆ ಹೋಗುತ್ತದೆ, ಮಗುವಿನ ಲಿವರಿಗೆ ಅದನ್ನು ಕರಗಿಸಲು ಬರುವುದಿಲ್ಲ. ಹುಟ್ಟುವಾಗ ತೂಕ ಕಡಿಮೆ, ಬೆಳೆದ ಮೇಲೆ ಕಲಿಕೆ ಹಿಂದೆ. ದಕ್ಷಿಣ ಆಫ್ರಿಕಾದ ದ್ರಾಕ್ಷಿ ತೋಟಗಳಲ್ಲಿ ಒಂದು ಕಾಲಕ್ಕೆ ಕೂಲಿಯ ಒಂದು ಪಾಲನ್ನು ವೈನ್ ರೂಪದಲ್ಲೇ ಕೊಡುವ ಪದ್ಧತಿ ಇತ್ತು. ಇವತ್ತಿಗೂ ಗರ್ಭದಲ್ಲೇ ಮದ್ಯದಿಂದ ಹಾನಿಗೊಳಗಾದ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಅದೂ ಒಂದು. ಪದ್ಧತಿ ನಿಂತು ದಶಕಗಳಾದವು, ಹಾನಿ ನಿಂತಿಲ್ಲ. ಕೂಲಿಯ ಜತೆ ಪ್ಯಾಕೆಟ್ ಸೇರಿಸುವವರು ಇದನ್ನು ತಿಳಿದಿರಲಿ.

ಬಿಡಿಸುವುದು ಅಂದರೆ

‘ಇವತ್ತಿಂದಲೇ ಬಿಟ್ಟುಬಿಡು’ ಅಂತ ಆಣೆ ಮಾಡಿಸುತ್ತಾರಲ್ಲ, ವರ್ಷಗಟ್ಟಲೆ ದಿನಾ ಕುಡಿದವನಿಗೆ ಅದು ಅಪಾಯಕಾರಿ. ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಕ, ಬೆವರು, ವಾಂತಿ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ. ಗೋಡೆ ಮೇಲೆ ಇರುವೆ ಸಾಲು, ಹಾಸಿಗೆಯಲ್ಲಿ ಹಾವು, ಸತ್ತ ಅಜ್ಜ ಕರೆದ ಹಾಗೆ. ಮನೆಯವರು ಗಾಳಿ ಸೋಕಿದೆ ಅಂತಾರೆ, ಆಸ್ಪತ್ರೆಯವರು ಗಲಾಟೆ ಮಾಡ್ತಾನೆ ಅಂತಾರೆ. ಕಾಲು ಮುರಿದು ಆಸ್ಪತ್ರೆ ಸೇರಿದವನು ಮೂರನೇ ರಾತ್ರಿ ಓಡಿಹೋಗುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಜೀವಕ್ಕೇ ಕುತ್ತು ತರುವ ಸ್ಥಿತಿ ಇದು. ಡಾಕ್ಟರು ಮಾತ್ರೆ ಕೊಟ್ಟು ಐದಾರು ದಿನದಲ್ಲಿ ಹಂತಹಂತವಾಗಿ ಇಳಿಸಿದರೆ ಸುರಕ್ಷಿತವಾಗಿ ದಾಟಬಹುದು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ. ಫೋನಿನಲ್ಲಿ ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಹಾಡಿಯಿಂದ ತಾಲ್ಲೂಕಿಗೆ ಬಂದರೆ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಹಾಡಿಯ ಆಶಾ ಕಾರ್ಯಕರ್ತೆ, ಹಾಡಿಯ ಯಜಮಾನ, ಬಿಟ್ಟು ಗೆದ್ದ ಒಬ್ಬಿಬ್ಬರು ಜತೆಗೆ ನಿಂತರೆ ಕೆಲಸ ಆಗುತ್ತದೆ ಅನ್ನುವುದು ನನ್ನ ಅನುಭವ. ಹೊರಗಿನವರ ಭಾಷಣದಿಂದ ಆಗಿದ್ದು ನಾನು ನೋಡಿಲ್ಲ.

ಇನ್ನು ಅಂಗಡಿಯ ವಿಷಯ. ಆದಿವಾಸಿ ಪ್ರದೇಶಗಳಲ್ಲಿ ಮದ್ಯದ ವ್ಯಾಪಾರ ನಿಲ್ಲಿಸಿ, ಮನೆಬಳಕೆಗೆ ಸಾಂಪ್ರದಾಯಿಕ ಪಾನೀಯ ಮಾಡಿಕೊಳ್ಳಲು ಬಿಡಿ ಅಂತ ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಿತ್ತು. ಪಂಚಾಯಿತಿ ಆಡಳಿತವನ್ನು ಆದಿವಾಸಿ ಪ್ರದೇಶಗಳಿಗೆ ವಿಸ್ತರಿಸಿದ 1996ರ ಪೆಸಾ ಕಾಯ್ದೆ ಮದ್ಯ ಮಾರಾಟ ತಡೆಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿತು. ಆದರೆ ಆ ಕಾಯ್ದೆ ನಡೆಯುವುದು ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿಸಿದ ಆದಿವಾಸಿ ಪ್ರದೇಶಗಳಲ್ಲಿ ಮಾತ್ರ. ಕರ್ನಾಟಕದಲ್ಲಿ ಒಂದೂ ಅಂಥ ಪ್ರದೇಶ ಇಲ್ಲ. ಹಾಗಾಗಿ ನಮ್ಮ ಹಾಡಿಯ ಹೆಂಗಸರು ‘ಇಲ್ಲಿ ಬೇಡ’ ಅಂದರೆ ಅದಕ್ಕೆ ಕಾನೂನಿನ ಆ ಬಲ ಇಲ್ಲ. ಪೇಟೆಯ ಅಂಗಡಿಯಲ್ಲಿ ಕೊಂಡ ಪ್ಯಾಕೆಟ್ ಗೂಡಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿಗೆ, ಸಾಲಕ್ಕೆ ಸಿಗುತ್ತದೆ. ನಡೆದು ಹೋಗಬೇಕಾದ ದೂರ ಕಡಿಮೆಯಾದಷ್ಟೂ ಕುಡಿತ ಜಾಸ್ತಿ, ಇಷ್ಟು ಸರಳ ಅದು.

ಆದಿವಾಸಿಗಳೇ ಎದ್ದು ನಿಂತ ಉದಾಹರಣೆಗಳಿಗೆ ಕೊರತೆಯಿಲ್ಲ. 1922ರಲ್ಲಿ ದಕ್ಷಿಣ ಗುಜರಾತಿನ ದೇವಿ ಚಳವಳಿಯಲ್ಲಿ ಸಾವಿರಾರು ಆದಿವಾಸಿಗಳು ಹೆಂಡ ಸಾರಾಯಿ ಬಿಟ್ಟು ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವರ್ಷಗಳ ಜನಾಂದೋಲನದ ನಂತರ 1993ರಲ್ಲಿ ಜಿಲ್ಲೆಗೇ ಮದ್ಯ ನಿಷೇಧ ಬಂತು. ನಿಷೇಧದಿಂದ ಎಲ್ಲ ಮುಗಿಯಲಿಲ್ಲ, ಕಳ್ಳ ಮಾರಾಟ ನಡೆದೇ ಇತ್ತು. ಅದಕ್ಕೇ ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಸರ್ಕಾರದ ಜತೆ ಸೇರಿ 2016ರಲ್ಲಿ ‘ಮುಕ್ತಿಪಥ’ ಶುರುಮಾಡಿತು. ಹಳ್ಳಿಯಲ್ಲಿ ಜನರ ತಂಡ, ತಾಲ್ಲೂಕಿನಲ್ಲಿ ಚಿಕಿತ್ಸೆ, ಜತೆಗೆ ಕಾನೂನು. ಮೂರೂ ಒಟ್ಟಿಗೆ ಇರುವುದೇ ಅದರ ಬಲ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ಒಂದಿದ್ದರೆ ಇನ್ನೆರಡು ಇರುವುದಿಲ್ಲ.

ಆ ಹುಡುಗನಿಗೆ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ನೀರು ಚೆನ್ನಾಗಿ ಕುಡಿ, ಮಳೆಯಲ್ಲಿ ನೆನೆಯಬೇಡ, ಜ್ವರ ಬಂದರೆ ಅದೇ ದಿನ ಬಾ ಅಂದರು. ತಾಯಿ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿಗೆ ಕಟ್ಟಿಕೊಂಡು, ಬಾಗಿಲ ತನಕ ಹೋದವರು ತಿರುಗಿ ಬಂದರು. ‘ಇದ್ರಲ್ಲಿ ಇವ ಕುಡಿಯಾಕಿಲ್ಲ ಅಂತ ಬರ್ದದಾ ಸಾರ್?’ ಬರೆದಿರಲಿಲ್ಲ. ಚೀಟಿಯ ಮೇಲ್ಗಡೆ ಪೆನ್ನಲ್ಲಿ ಬರೆಸಿಕೊಂಡೇ ಹೊರಟರು.